ಜಿಂಕೆಗೆ ಕಾದ ಹೊಲ

ಬೆರಳ ತುದಿಯಲ್ಲಿ ಜಿಂಕೆಮರಿಯನ್ನು ನಿಲ್ಲಿಸಿಕೊಂಡವನೇ, ಬಿಗಿಯಾಗಿ ಹಿಡಿಯದವನೇ, ಬೀಳಲೂ ಬಿಡದವನೇ, ಶಿವನೇ, ನಿನಗೆ ಶರಣು. ಹೇಳುವ ನಾಲಿಗೆ ನಿನ್ನದು, ಕೇಳುವ ಕಿವಿಯೂ ನಿನ್ನದು. ನಡುವಿನ ಈ ಸಣ್ಣ ಕಥೆಯನ್ನು ನೀನೇ ನಡೆಸು.

ಒಂದು ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಆಶ್ರಮ. ಆಶ್ರಮದ ಕೆಳಗೆ ಪಾಳು ಬಿದ್ದ ಒಂದು ತುಂಡು ಹೊಲ, ಅದರ ಕೆಳಗೆ ಹಳ್ಳ, ಹಳ್ಳದ ಆಚೆ ಊರವರ ಹೊಲಗಳು.

ಆಶ್ರಮದ ಗುರುಗಳಿಗೆ ದೀಕ್ಷೆಯ ಹೆಸರೊಂದಿತ್ತು. ಆ ಹೆಸರಿನಿಂದ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಅಜ್ಜಾರು.

ಅವರ ಬಳಿ ಹಾಲಯ್ಯ ಎಂಬ ಶಿಷ್ಯನಿದ್ದ. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ಮಂತ್ರ ಹೇಳುವಾಗ ನಾಲಿಗೆ ತಪ್ಪಿದರೂ ನೇಗಿಲು ಹಿಡಿದರೆ ಸಾಲು ತಪ್ಪುತ್ತಿರಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ, ಹಳ್ಳದ ಆಚೆಯ ಮೊದಲ ಹೊಲದ ಹೊನ್ನವ್ವ ಬಂದಳು. ಬುಡಸಮೇತ ಕಿತ್ತ ಒಂದು ಗಿಡವನ್ನು ಅಜ್ಜಾರ ಮುಂದೆ ಇಟ್ಟಳು. ನಮಸ್ಕಾರ ಆಮೇಲೆ ಮಾಡಿದಳು.

"ಇದು ಏನ್ರೀ ಅಜ್ಜಾರೆ?"

"ಅವರೆ ಗಿಡ."

"ಹೂ ಎಲ್ಲಿ? ಚಿಗುರೆಲ್ಲಿ?"

"ಕಾಣ್ತಾ ಇಲ್ಲ."

"ನಿಮ್ಮ ಗುಡ್ಡದ ಜಿಂಕೆ ಹೊಟ್ಟೇಲಿ ಐತೆ, ಅದಕ್ಕೇ ಕಾಣ್ತಿಲ್ಲ. ಹೊತ್ತು ಇಳಿಯೋದೇ ತಡ, ಮದುವೆಗೆ ಬಂದ ಬೀಗರಂಗೆ ಸಾಲಾಗಿ ಬರ್ತಾವೆ. ಉಂಡು ಹೋಗ್ತಾವೆ. ಎಂಜಲ ಎಲೆ ಎತ್ತೋಳು ನಾನು."

ಅಜ್ಜಾರು ನಕ್ಕರು. "ಜಿಂಕೆ ನಮ್ಮವಲ್ಲ ತಾಯಿ, ಶಿವನವು."

"ಹೌದೇನ್ರಿ? ಒಳ್ಳೇದಾಯ್ತು. ನನ್ನ ಮೈದುನ ದುರುಗಪ್ಪ ಉರುಲು ಹೆಣೆದು ಇಟ್ಕೊಂಡಾನೆ. ನಿಮ್ಮವಲ್ಲ ಅಂದ್ಮೇಲೆ ಅವನು ಹಾಕಿದ್ರೆ ನೀವು ಕೇಳಂಗಿಲ್ಲ."

ಅಜ್ಜಾರ ನಗು ನಿಂತಿತು.

"ತಪ್ಪಾಯ್ತು ತಾಯಿ. ನಮ್ಮವೇ."

"ನಿಮ್ಮವಾದ್ರೆ ನಿಮ್ಮ ಬೀಗರಿಗೆ ನೀವೇ ಎಲೆ ಹಾಕ್ರಿ. ಮುಂದಿನ ಸಲ ನನ್ನ ಅವರೆ ಹೂ ಬಿಡೋ ತನಕ ದುರುಗಪ್ಪನ ಕೈ ನಾನು ಹಿಡ್ಕೊಂಡಿರ್ತೀನಿ. ಆಮೇಲೂ ಅವು ಹಳ್ಳ ದಾಟಿದ್ರೆ ಆ ಕೈ ಬಿಟ್ಟುಬಿಡ್ತೀನಿ. ನನಗೂ ಹೊಟ್ಟೆ ಐತೆ."

"ನ್ಯಾಯವಾದ ಮಾತು," ಎಂದರು ಅಜ್ಜಾರು.

ಉರುಲಿಗೆ ಬಿದ್ದ ಜಿಂಕೆಯನ್ನು ಹಾಲಯ್ಯ ಚಿಕ್ಕಂದಿನಲ್ಲಿ ಕಂಡಿದ್ದ. ಅದು ಕೂಗಿರಲಿಲ್ಲ. ಕಣ್ಣು ಮಾತ್ರ ತೆರೆದೇ ಇತ್ತು. ಆ ಕಣ್ಣನ್ನು ಅವನು ಇಷ್ಟು ದಿನವಾದರೂ ಮರೆತಿರಲಿಲ್ಲ.

ಹೊನ್ನವ್ವ ಹೋದ ಮೇಲೆ ಅವನು ಅಜ್ಜಾರ ಮುಂದೆ ಬಂದು ನಿಂತ.

"ಆ ಪಾಳು ಹೊಲ ನನಗೆ ಕೊಡ್ರಿ ಅಜ್ಜಾರೆ. ಜಿಂಕೆಗಳು ಹಳ್ಳ ದಾಟದ ಹಾಗೆ ಬೆಳೆ ತೆಗೀತೀನಿ. ಒಂದೂ ಉರುಲಿಗೆ ಬೀಳಬಾರದು."

"ಬಿತ್ತೋದು ಗೊತ್ತಲ್ಲ?"

"ಅದೊಂದೇ ಗೊತ್ತಿರೋದು."

"ಸರಿ, ಬಿತ್ತು. ಬಿತ್ತಿ ಕಾಯಿ."

ಅಷ್ಟೇ ಮಾತು. ಹಾಲಯ್ಯ ಗುರುಗಳ ಪಾದ ಮುಟ್ಟಿ ಹೊಲಕ್ಕೆ ಇಳಿದ.

ಬೇಸಿಗೆಯಿಡೀ ದುಡಿದ. ಆ ಹೊಲದಲ್ಲಿ ಕಾರೆ, ಕವಳಿ, ಲಂಟಾನ ಒಂದಕ್ಕೊಂದು ಹೆಣೆದುಕೊಂಡು ಬೆಳೆದಿದ್ದವು. ಎಲ್ಲವನ್ನೂ ಕಡಿದ. ಕಲ್ಲು ಆರಿಸಿದ. ಹಳೆಯ ಕಾಲದ ಒಂದು ಅತ್ತಿ, ಎರಡು ನೆಲ್ಲಿ ಮರ ಮೇಲಿನ ಅಂಚಿನಲ್ಲಿದ್ದವು. ಅವನ್ನು ಮಾತ್ರ ಉಳಿಸಿದ.

ಕಡಿದ ಮುಳ್ಳನ್ನೇ ಸುತ್ತಲೂ ಬೇಲಿ ಹಾಕಿದ. ಗುಡ್ಡದ ಕಡೆ ಜಿಂಕೆಗೆಂದು ಒಂದು ಬಾಗಿಲು ಬಿಟ್ಟ. ಹೊಲ ಅಂಗೈಯಷ್ಟು ಚೊಕ್ಕವಾಯಿತು. ಈ ತುದಿಯಲ್ಲಿ ಇರುವೆ ನಡೆದರೆ ಆ ತುದಿಗೆ ಕಾಣಬೇಕು, ಹಾಗೆ.

ಆಮೇಲೆ ಮಳೆಗೆ ಕಾದ. ಜಗುಲಿಯ ಮೇಲೆ ಕೂತು ಆಕಾಶ ನೋಡಿದ. ಶಿವ ಕಣ್ಣು ತೆರೆದ, ಮಳೆ ಬಂತು.

ಅಲಸಂದೆ ಬಿತ್ತಿದ. ಸಜ್ಜೆ ಬಿತ್ತಿದ. ಹದ ನೋಡಿ ಹುರುಳಿ ಬಿತ್ತಿದ. ಮೊಳಕೆ ಎದ್ದದ್ದೇ ನಾಲ್ಕು ಕಂಬ ನೆಟ್ಟು ಅಟ್ಟಣಿಗೆ ಕಟ್ಟಿದ. ಒಂದು ಕೋಲು, ಒಂದು ಹಳೆಯ ಡಬ್ಬ ಇಟ್ಟುಕೊಂಡು ಮೇಲೆ ಕೂತ.

ದನ ಬಂದರೆ ಓಡಿಸಿದ. ಗಿಳಿ ಬಂದರೆ ಡಬ್ಬ ಬಡಿದ. ಅತ್ತಿ ಮರಕ್ಕೆ ಉದ್ದ ಬಾಲದ, ಕರಿ ಮೋರೆಯ ಮುಸುವಗಳು ಬರುತ್ತಿದ್ದವು. ಅವುಗಳ ಮೇಲೆ ಅವನಿಗೆ ವಿಶೇಷ ಕೋಪ.

"ಜಿಂಕೆಯ ಹಣ್ಣು ನಿಮಗ್ಯಾಕ್ರೋ, ಮಂಗ್ಯಾಗಳಾ!" ಎಂದು ಬೈಯುತ್ತಿದ್ದ. ಅವು ಒಂದು ಕೊಂಬೆ ಹಿಂದೆ ಸರಿದು ಅವನನ್ನು ಅಣಕಿಸುತ್ತಿದ್ದವು. ಕೊನೆಗೆ ಅವೂ ಬೇಸತ್ತು ಗುಡ್ಡ ಹತ್ತಿದವು.

ಶ್ರಾವಣದ ಹೊತ್ತಿಗೆ ಹೊಲ ಉಕ್ಕಿ ನಿಂತಿತು. ನೋಡಿದವರ ಕಣ್ಣು ತಂಪಾಗಬೇಕು.

ಹೊನ್ನವ್ವ ಹಳ್ಳದ ಆಚೆಯಿಂದ ಕೂಗಿದಳು. "ಹಾಲಯ್ಯಾರೆ, ಬೆಳೆ ಬಲು ಚೆಂದ ಐತ್ರೀ! ಉಣ್ಣೋರು ಎಲ್ಲಿ?"

"ಬರ್ತಾವೆ ತಾಯಿ."

"ಬಂದಾವೆ ಬಿಡ್ರಿ. ನನ್ನ ಹೊಲದಾಗೆ ಐದಾವೆ. ನಿಮ್ಮ ಹೊಲ ನೋಡಿ, ಕೈ ಮುಗಿದು, ಸುತ್ತು ಹಾಕ್ಕೊಂಡು ನನ್ನಲ್ಲಿಗೆ ಬಂದ್ವು. ದುರುಗಪ್ಪ ಉರುಲಿಗೆ ಎಣ್ಣೆ ಹಚ್ತಾ ಕೂತಾನೆ."

ಅವಳ ಮಾತು ಸುಳ್ಳಲ್ಲ. ಹಾಲಯ್ಯನೇ ಕಣ್ಣಾರೆ ಕಂಡಿದ್ದ. ಚುಕ್ಕೆ ಜಿಂಕೆಗಳ ಹಿಂಡು ಗುಡ್ಡದ ಅಂಚಿಗೆ ಬರುತ್ತಿತ್ತು. ನಿಲ್ಲುತ್ತಿತ್ತು. ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅವೂ ಅವನನ್ನೇ ನೋಡುತ್ತಿದ್ದವು. ಆಮೇಲೆ ಬಲಕ್ಕೆ ತಿರುಗಿ, ಹಳ್ಳ ಇಳಿದು, ಹೊನ್ನವ್ವನ ಪೊದೆ ತುಂಬಿದ ಬದುವಿನ ಕಡೆ ನಡೆದುಬಿಡುತ್ತಿದ್ದವು.

ಹಾಲಯ್ಯ ಅಜ್ಜಾರ ಬಳಿ ಹೋದ.

"ಬರ್ತಾ ಇಲ್ಲ ಅಜ್ಜಾರೆ."

"ಬಿತ್ತಿದೆಯಾ?"

"ಬಿತ್ತಿದೆ."

"ಕಾದೆಯಾ?"

"ಅಟ್ಟಣಿಗೆಯಿಂದ ಇಳಿದೇ ಇಲ್ಲ."

ಅಜ್ಜಾರು ಕಣ್ಣು ಮುಚ್ಚಿದರು.

ಮಾರನೆಯ ಮಧ್ಯಾಹ್ನ ತಾವೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಬಂದರು. ಹಾಲಯ್ಯನನ್ನು ಕೆಳಗೆ ಕರೆದು ಕೂರಿಸಿದರು. ರೊಟ್ಟಿ, ಪುಂಡಿಪಲ್ಯ ಮುಂದೆ ಇಟ್ಟರು. ಅವನ ಕೋಲನ್ನೂ ಡಬ್ಬವನ್ನೂ ತಾವು ತೆಗೆದುಕೊಂಡರು.

"ಉಣ್ಣು."

ಹಾಲಯ್ಯ ಒಂದು ತುತ್ತು ಮುರಿದ. ಅಜ್ಜಾರು ಅವನ ನೆತ್ತಿಯ ಮೇಲೇ ಬಂದು ನಿಂತರು. ಕಣ್ಣನ್ನು ಅವನ ಬಾಯಿಯ ಮೇಲಿಂದ ಕೀಳಲಿಲ್ಲ.

ದೂರದಲ್ಲಿ ಒಂದು ಕಾಗೆ ಹಾರಿತು.

"ಹೋಯ್!" ಎಂದು ಅಜ್ಜಾರು ಡಬ್ಬ ಬಡಿದರು. ಹಾಲಯ್ಯನ ಕೈಯ ತುತ್ತು ಕೆಳಗೆ ಬಿತ್ತು.

"ಉಣ್ಣೋ ತಮ್ಮಾ. ನಿನ್ನ ಊಟ ಯಾರೂ ಕಸಿಯದ ಹಾಗೆ ಕಾಯ್ತಾ ಇದ್ದೀನಿ."

ಹಾಲಯ್ಯ ಮತ್ತೆ ಮುರಿದ. ಬೇಲಿಯ ಮೇಲೆ ಅಳಿಲು ಕಂಡಿತು. "ಹೋಯ್!" ಮತ್ತೆ ಡಬ್ಬ ಬಡಿದರು. ಕೋಲು ಅವನ ಕಿವಿಯ ಪಕ್ಕದಲ್ಲೇ ಬೀಸಿ ಹೋಯಿತು.

"ಅಜ್ಜಾರೆ, ಗಂಟಲಲ್ಲಿ ಇಳೀತಾ ಇಲ್ಲ."

"ಯಾಕೆ? ರೊಟ್ಟಿ ಬಿರುಸಾಯ್ತೇ?"

"ರೊಟ್ಟಿ ಮೆತ್ತಗೇ ಇದೆ. ನೀವು ನಿಂತಿರೋದೇ ಬಿರುಸು."

ಅಜ್ಜಾರು ಕೋಲು ಕೆಳಗಿಟ್ಟರು. ಡಬ್ಬವನ್ನು ಬೋರಲು ಹಾಕಿ ಅದರ ಮೇಲೆ ಕೂತರು.

ಹಾಲಯ್ಯನಿಗೆ ಸ್ವಲ್ಪ ಸಿಟ್ಟೇ ಬಂತು. "ಬಿತ್ತಿ ಕಾಯಿ ಅಂತ ನೀವೇ ಅಂದ್ರಲ್ಲ."

"ಅಂದೆ."

"ಕಾಯ್ದೆ."

"ಕೋಲು ಹಿಡ್ಕೊಂಡು ಕಾಯ್ದೆ. ಬೇಸಿಗೇಲಿ ಜಗುಲಿ ಮೇಲೆ ಕೂತು ಮಳೆ ಕಾಯ್ತಿದ್ದೆಯಲ್ಲ, ಆಗ ಕೈಯಲ್ಲಿ ಕೋಲಿತ್ತೇನು?"

ಹಾಲಯ್ಯ ಕೆಳಗಿದ್ದ ಕೋಲಿನ ಕಡೆ ನೋಡಿದ.

"ಹೊಲ ಕಾಯೋನೂ ಕಾಯ್ತಾನೆ. ಮಳೆ ಕಾಯೋನೂ ಕಾಯ್ತಾನೆ. ಮಾತು ಒಂದೇ."

"ಸ್ವಲ್ಪ ಬಿಡಿಸಿ ಹೇಳಬಾರದಿತ್ತೇ ಅಜ್ಜಾರೆ?"

"ಎರಡೂ ಅರ್ಥ ನಿನ್ನ ಮುಂದೇ ಇಟ್ಟಿದ್ದೆ. ನೀನು ಕೋಲಿರೋದನ್ನ ಆರಿಸ್ಕೊಂಡೆ."

ಹಾಲಯ್ಯ ಉಳಿದ ರೊಟ್ಟಿಯನ್ನು ತಿಂದ. ಈಗ ಗಂಟಲಲ್ಲಿ ಇಳಿಯಿತು.

ಊಟವಾದ ಮೇಲೆ ಅವನೇ ಅಟ್ಟಣಿಗೆ ಬಿಚ್ಚಿದ. ಅಜ್ಜಾರು ಹೊಲದ ನಟ್ಟನಡುವೆ ಹೋಗಿ ನಿಂತು ಸುತ್ತಲೂ ನೋಡುತ್ತಿದ್ದರು.

"ಹಾಲಯ್ಯ, ಜಿಂಕೆಯ ಮನೆ ಎಲ್ಲಿದೆ?"

"ಗುಡ್ಡದಲ್ಲಿ."

"ಗುಡ್ಡದಲ್ಲಿ ಗೋಡೆ ಇದೆಯಾ, ಬಾಗಿಲಿದೆಯಾ?"

"ಇಲ್ಲ."

"ಓಡಿಹೋಗೋ ದಾರಿಯೇ ಅದರ ಮನೆ. ಇಲ್ಲಿ ನಿಂತು ನೋಡು. ಹುಲ್ಲು ಅಲ್ಲಾಡಿದರೆ ಅದು ಎಲ್ಲಿಗೆ ಓಡಬೇಕು?"

ಹಾಲಯ್ಯ ನೋಡಿದ. ಅವನು ಬೆವರು ಸುರಿಸಿ ಚೊಕ್ಕ ಮಾಡಿದ ಹೊಲ. ಒಂದು ಮರೆ ಇಲ್ಲ. ಸುತ್ತ ಬೇಲಿ, ಒಂದೇ ಬಾಗಿಲು.

"ಇದು ದೊಡ್ಡಿ ಆಯ್ತು ಅಜ್ಜಾರೆ," ಎಂದ.

"ನಾನೇನೂ ಅನ್ನಲಿಲ್ಲಪ್ಪ," ಎಂದರು ಅಜ್ಜಾರು.

ಊರಿನ ಕಡೆಯ ಬೇಲಿ ಹಾಗೇ ಉಳಿಯಿತು, ದನಗಳಿಗಾಗಿ. ಗುಡ್ಡದ ಕಡೆಯದನ್ನು ಹಾಲಯ್ಯ ಪೂರ್ತಿ ಕಿತ್ತ. ಆ ಮುಳ್ಳನ್ನು ಹೊಲದ ಒಳಗೆ ಅಲ್ಲಲ್ಲಿ ಗುಪ್ಪೆ ಹಾಕಿದ. ಅಲಸಂದೆ ಬಳ್ಳಿ ಅದರ ಮೇಲೆ ಹಬ್ಬಿತು. ಕಡಿದ ಕಾರೆ, ಕವಳಿಯ ಬುಡಗಳು ಚಿಗುರಿದವು. ಅವನು ಕುಡುಗೋಲು ಮುಟ್ಟಲಿಲ್ಲ. ಮಳೆಗಾಲದಲ್ಲಿ ಪೊದೆಗೆ ಬೆಳೆಯುವುದನ್ನು ಯಾರೂ ಕಲಿಸಬೇಕಿಲ್ಲ. ಚೌಕದ ಹೊಲ ಹೋಗಿ, ಪೊದೆಗಳ ನಡುವೆ ಹಾವಿನಂತೆ ಸುತ್ತಿ ಹರಿಯುವ ಮೇವಿನ ಪಟ್ಟಿಗಳಾದವು. ಎಲ್ಲಿ ನಿಂತರೂ ಒಂದೆರಡು ನೆಗೆತಕ್ಕೆ ಮರೆ ಸಿಗಬೇಕು, ಹಾಗೆ.

ಒಕ್ಕಲಿಗನ ಕಣ್ಣಿಗೆ ಅದು ಅವಮಾನ. ಹಾಲಯ್ಯ ಸಹಿಸಿಕೊಂಡ.

ಅಜ್ಜಾರು ಅಂಚಿನಲ್ಲಿ ಗಿಡ ನೆಡಲು ಹೇಳಿದರು. ಹಾಲಯ್ಯ ನೆಲ್ಲಿಯ ಸಸಿಗಳನ್ನು ತಂದ.

"ಎಲ್ಲಾ ನೆಲ್ಲಿಯೇ?"

"ಜಿಂಕೆಗೆ ನೆಲ್ಲಿ ಪ್ರಾಣ ಅಜ್ಜಾರೆ."

"ನೆಲ್ಲಿ ಮುಗಿದ ಮೇಲೆ? ಎಲ್ಲಾ ಮರ ಒಟ್ಟಿಗೆ ಹಣ್ಣಾದರೆ ಅದು ಹಬ್ಬದೂಟ. ಹಬ್ಬದ ಮಾರನೇ ದಿನ ಮತ್ತೆ ಹೊನ್ನವ್ವನ ಮನೆ. ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಹಣ್ಣಾಗಬೇಕು."

ಆಗ ನೆಲ್ಲಿಯ ಜೊತೆಗೆ ಎಲಚಿ ಬಂತು. ಎಲಚಿಯ ಬೆನ್ನಿಗೆ ಹುಣಸೆ, ಬೇಸಿಗೆಗೆ ಇಪ್ಪೆ, ಮುಂಗಾರಿಗೆ ನೇರಳೆ.

ಗುಣಿ ತೋಡುತ್ತ ಹಾಲಯ್ಯ ಕೇಳಿದ, "ಇವು ಫಲ ಬಿಡೋ ಹೊತ್ತಿಗೆ ಈ ಜಿಂಕೆಗಳು ಇರ್ತಾವಾ?"

"ಇರಲ್ಲ."

"ನೀವು?"

"ನಾನೂ ಇರಲ್ಲ."

"ಮತ್ತೆ ಇದೆಲ್ಲ ಯಾರಿಗೆ ಅಜ್ಜಾರೆ?"

"ಯಾರು ಬರ್ತಾರೋ ಅವರಿಗೆ. ಗುಣಿ ಆಳ ಸಾಲದು, ಇನ್ನೂ ಒಂದು ಗೇಣು ತೆಗಿ. ಮಾತು ನೆಟ್ಟರೆ ಬೇರು ಬಿಡಲ್ಲ."

ಇಷ್ಟಾದ ಮೇಲೆ ಹಾಲಯ್ಯ ಹೊಲಕ್ಕೆ ಹೋಗುವುದನ್ನೇ ಬಿಟ್ಟ. ಆಶ್ರಮದ ಕಟ್ಟೆಯ ಮೇಲೆ ಕೂತು ಜಪ ಮಾಡಿದ. ಮನಸ್ಸು ಮಾತ್ರ ಹೊಲದಲ್ಲೇ ಇತ್ತು. ಶಿವ ಅದನ್ನೂ ಜಪದ ಲೆಕ್ಕಕ್ಕೇ ಹಿಡಿದಿರಬೇಕು, ಕರುಣಾಳು.

ಮೊದಲು ಮುಸುವಗಳು ಬಂದವು. ಅತ್ತಿ ಮರ ತುಂಬ ಕೂತವು. ಒಂದು ಹಣ್ಣು ಕಚ್ಚಿ ಎರಡು ಹಣ್ಣು ಚೆಲ್ಲಿದವು. ಚಿಗುರಿನ ಕೊಂಬೆ ಮುರಿದು ಅರ್ಧ ತಿಂದು ಕೆಳಗೆ ಎಸೆದವು.

ಹಾಲಯ್ಯನ ಕೈ ಕೋಲು ಹುಡುಕಿತು. ಕೋಲು ಇರಲಿಲ್ಲ. ಕೂತ.

ಆಗ ಮರದ ಕೆಳಗಿನ ಪೊದೆ ಅಲ್ಲಾಡಿತು. ಒಂದು ಮೂತಿ ಹೊರಬಂತು. ಬಿದ್ದ ಹಣ್ಣನ್ನು ಮೂಸಿತು. ತಿಂದಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ಹಿಂಡು.

ಮೇಲೆ ಮುಸುವ ಚೆಲ್ಲುತ್ತಿತ್ತು, ಕೆಳಗೆ ಜಿಂಕೆ ಆಯುತ್ತಿತ್ತು. ಜಿಂಕೆ ಏರಲಾರದ ಮರವನ್ನು ದೇವರು ಮುಸುವದ ಕೈಯಿಂದ ಕೆಳಗಿಳಿಸಿದ್ದ. ಆ ಕೈಯನ್ನು ಹಾಲಯ್ಯ ಶ್ರಾವಣದವರೆಗೂ ಡಬ್ಬ ಬಡಿದು ಓಡಿಸಿದ್ದ.

ಅಂದು ಅವನು ಅಜ್ಜಾರ ಬಳಿಗೆ ಬಂದ. ಅವರ ಪಾದಕ್ಕೆ ಹಣೆ ಮುಟ್ಟಿಸಿದ, ಅಷ್ಟೇ.

ಹಿಂಡು ದಿನವೂ ಬಂತು. ಹೊನ್ನವ್ವನ ಹೊಲದಲ್ಲಿ ಅವರೆ ಬಳ್ಳಿ ನೆಮ್ಮದಿಯಾಗಿ ಹಬ್ಬಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ಮನುಷ್ಯನ ಮನಸ್ಸು, ಹಣ್ಣು ಸಿಕ್ಕರೆ ಸಿಪ್ಪೆಯೂ ತನ್ನದೇ ಅನ್ನುತ್ತದೆ.

ಹಿಂಡಿನಲ್ಲಿ ಕಿವಿ ಹರಿದ ಒಂದು ಹೆಣ್ಣು ಜಿಂಕೆ ಇತ್ತು. ಜೊತೆಗೊಂದು ಮರಿ. ಹಾಲಯ್ಯ ಮತ್ತೆ ಹೊಲಕ್ಕೆ ಇಳಿದು ಅಂಚಿನ ಒಂದು ಬಂಡೆಯ ಮೇಲೆ ಕಲ್ಲುಪ್ಪು ಇಡತೊಡಗಿದ. ಇಟ್ಟರೆ ಮೊದಲು ಬಂದು ನೆಕ್ಕುವುದು ಅದೇ. ಅವನು ಒಂದು ದಿನ ಬಂಡೆಯ ಪಕ್ಕ ಕೂತ. ಇನ್ನೊಂದು ದಿನ ಉಪ್ಪನ್ನು ಬಂಡೆಯ ಮೇಲಿಡದೆ ಅಂಗೈಯಲ್ಲೇ ಇಟ್ಟುಕೊಂಡು ಕೂತ.

ಜಿಂಕೆ ತುಂಬ ಹೊತ್ತು ಅನುಮಾನಿಸಿತು. ಆಮೇಲೆ ಬಂತು. ಒರಟು, ಬೆಚ್ಚಗಿನ ನಾಲಿಗೆ ಅವನ ಅಂಗೈಗೆ ತಾಗಿತು. ಹಾಲಯ್ಯನಿಗೆ ಕಣ್ಣು ತುಂಬಿ ಬಂತು.

ಓಡೋಡಿ ಬಂದು ಅಜ್ಜಾರಿಗೆ ಹೇಳಿದ. "ನನ್ನ ಕೈಯಿಂದ ತಿಂತು ಅಜ್ಜಾರೆ! ಕಾಡಿನ ಜಿಂಕೆ! ನನ್ನ ಕೈಯಿಂದ!"

"ನಿನ್ನ ಕೈಗೆ ಎಷ್ಟು ಬೆರಳು?"

"ಐದು."

"ದುರುಗಪ್ಪನ ಕೈಗೆ?"

"ಅವನಿಗೂ ಐದೇ."

"ಹೂಂ," ಎಂದರು ಅಜ್ಜಾರು. ವಿಭೂತಿ ಗಟ್ಟಿ ತೆಗೆದುಕೊಂಡು ಪೂಜೆಗೆ ಹೋದರು.

ಗುರುಗಳು ಏನೋ ತಮಾಷೆ ಮಾಡಿದರು ಎಂದುಕೊಂಡ ಹಾಲಯ್ಯ. ಮಾರನೆಯ ದಿನವೂ ಉಪ್ಪು ಹಿಡಿದು ಕೂತ. ಅದರ ಮಾರನೆಯ ದಿನವೂ. ಜಿಂಕೆಗೆ ಗೌರಿ ಎಂದು ಹೆಸರಿಟ್ಟ. ಕರೆದರೆ ಬರುತ್ತಿತ್ತು.

ಅವರೆ ಹೂ ಬಿಟ್ಟಿತು.

ಹೊನ್ನವ್ವ ಬೆಳಿಗ್ಗೆಯೇ ಹಳ್ಳ ದಾಟಿ ಬಂದಳು. ಈ ಸಲ ನಮಸ್ಕಾರ ಮೊದಲು ಮಾಡಿದಳು. ಮಡಿಲಿನಿಂದ ಒಂದು ಹಿಡಿ ಅವರೆ ಹೂ ತೆಗೆದು ಅಜ್ಜಾರ ಮುಂದೆ ಇಟ್ಟಳು.

"ಮಾತಂದ್ರೆ ನಿಮ್ಮದು ಅಜ್ಜಾರೆ. ಈ ಸಲ ಬೀಗರು ನನ್ನ ಹೊಲದ ಮೋರೆ ನೋಡಲಿಲ್ಲ." ಸ್ವಲ್ಪ ತಡೆದಳು. "ಒಬ್ಬಳು ಬಿಟ್ಟು."

"ಯಾರು?" ಎಂದ ಹಾಲಯ್ಯ.

"ಕಿವಿ ಹರಿದೋಳು. ಅವಳು ಹೊಲಕ್ಕೆ ಬರಲ್ಲ ಬಿಡ್ರಿ, ಅಂಗಳಕ್ಕೇ ಬರ್ತಾಳೆ. ಅರಿಶಿನ ಕುಂಕುಮಕ್ಕೆ ಕರೆದಂಗೆ, ಕೂಸನ್ನೂ ಕರ್ಕೊಂಡು! ನಾನು ಕೈ ಚಾಚಿದ್ರೆ ಕೈ ನೆಕ್ಕಿದಳು. ಯಾರೋ ಉಪ್ಪಿನ ರುಚಿ ಹಚ್ಯಾರೆ."

ಹಾಲಯ್ಯ ತನ್ನ ಕೈಯನ್ನು ಬೆನ್ನ ಹಿಂದೆ ಮರೆಸಿದ.

"ದುರುಗಪ್ಪ ನೋಡ್ದ. ನೋಡಿ ಉರುಲನ್ನ ಮೂಲೆಗೆ ಎಸೆದ. ಇದಕ್ಕೆ ಉರುಲು ಯಾಕೆ ಅತ್ತಿಗೆ, ಅಂಗೈಲಿ ನಾಲ್ಕು ಹರಳು ಉಪ್ಪು ಇಟ್ಟರೆ ತಾನೇ ಕುತ್ತಿಗೆ ಕೊಡ್ತೈತೆ ಅಂದ. ಅದನ್ನ ಕೇಳಿ ತಡೀಲಾರದೆ ಬಂದೆ. ಇವತ್ತು ಅವನು ಸಂತೆಗೆ ಹೋಗ್ಯಾನೆ. ನಾಳೆಯಿಂದ ಅವನ ಕೈ ಹಿಡಿಯೋಕೆ ನನ್ನ ಹತ್ರ ಮಾತಿಲ್ಲ. ಕೊಟ್ಟ ಗಡುವು ಮುಗೀತು."

ಅವಳು ಹೋದಳು. ಹಾಲಯ್ಯ ತನ್ನ ಅಂಗೈಯನ್ನೇ ನೋಡುತ್ತ ನಿಂತ. ಐದು ಬೆರಳು.

"ಕಟ್ಟಿ ಹಾಕೋಣ ಅಜ್ಜಾರೆ. ಆಶ್ರಮದಲ್ಲೇ ಇರಲಿ. ಕೊರಳಿಗೆ ಮೆತ್ತನೆ ಹಗ್ಗ ಹಾಕ್ತೀನಿ. ನಾನೇ ಮೇವು ಹಾಕ್ತೀನಿ, ನಾನೇ ನೋಡ್ಕೋತೀನಿ."

"ಹಗ್ಗ ಮೆತ್ತಗಿದ್ದರೆ ಅದು ಹಗ್ಗ ಅಲ್ಲವೇನು?"

"ಮತ್ತೆ ಏನು ಮಾಡ್ಲಿ?"

ಅಜ್ಜಾರು ಮೆಟ್ಟಿಲಿಳಿದು ಹೊಲದ ಅಂಚಿಗೆ ಹೋದರು. ಬಾಗಿ ಒಂದು ಮಣ್ಣಿನ ಹೆಂಟೆ ಎತ್ತಿಕೊಂಡರು. ಹಾಲಯ್ಯನ ಅಂಗೈ ಬಿಡಿಸಿ ಅದರಲ್ಲಿ ಇಟ್ಟರು.

"ಇವತ್ತು ಉಪ್ಪಿಲ್ಲ," ಎಂದರು.

ಸಂಜೆ ಹಿಂಡು ಇಳಿಯಿತು. ಗೌರಿ ಹಿಂಡು ಬಿಟ್ಟು ನೇರ ಬಂಡೆಯ ಕಡೆ ಬಂತು. ಮರಿ ಅದರ ಹಿಂದೆ ಕುಣಿಯುತ್ತ ಬಂತು. ಹಾಲಯ್ಯ ಎದ್ದು ನಿಂತಿದ್ದ. ಅದು ಅವನ ಕೈ ನೋಡಿತು. ಕತ್ತು ಮುಂದೆ ಚಾಚಿತು.

ಹಾಲಯ್ಯ ಎಸೆದ.

ಹೆಂಟೆ ಅದರ ಪಕ್ಕೆಗೆ ಬಡಿದು ಪುಡಿಯಾಯಿತು. ಗೌರಿ ಒಂದು ಹೆಜ್ಜೆ ಹಿಂದೆ ಹೋಯಿತು. ಓಡಲಿಲ್ಲ. ಏನೋ ತಪ್ಪಾಗಿರಬೇಕು ಎನ್ನುವ ಹಾಗೆ ನಿಂತು ಅವನನ್ನು ನೋಡಿತು. ಮತ್ತೆ ಮುಂದೆ ಬಂತು.

ಅದೇ ಕಷ್ಟದ ಗಳಿಗೆ. ಮೊದಲ ಹೆಂಟೆಯನ್ನು ಗುರುಗಳ ಮಾತಿಗೆ ಎಸೆಯಬಹುದು. ಎರಡನೆಯದನ್ನು ತಾನೇ ಎತ್ತಿಕೊಳ್ಳಬೇಕು.

ಹಾಲಯ್ಯ ಬಾಗಿದ. ಎತ್ತಿಕೊಂಡ.

"ಹೋಗೇ! ಹೋಗು! ಮನುಷ್ಯರ ಹತ್ತಿರ ಬರ್ತೀಯಾ? ಇನ್ನೊಮ್ಮೆ ಬರ್ತೀಯಾ?"

ಒಕ್ಕಲು ಮನೆಯಲ್ಲಿ ಕಲಿತು ಆಶ್ರಮದಲ್ಲಿ ಮರೆತಿದ್ದ ಬೈಗುಳಗಳೆಲ್ಲ ಬಾಯಿಗೆ ಬಂದವು. ಕೂಗುತ್ತ ಎಸೆದ. ಎಸೆಯುತ್ತ ಅತ್ತ. ಅಳುತ್ತ ಅಟ್ಟಿಸಿಕೊಂಡು ಹೋದ.

ಮೇಲೆ ಮುಸುವ ಕೆಮ್ಮಿದಂತೆ ಎಚ್ಚರಿಕೆ ಕೂಗಿತು. ಗೌರಿಯ ಬಾಲ ಮೇಲೆದ್ದು ಬೆಳ್ಳಗೆ ಮಿಂಚಿತು. ಒಂದು ನೆಗೆತ, ಇನ್ನೊಂದು ನೆಗೆತ. ಪೊದೆ ಮುಚ್ಚಿಕೊಂಡಿತು. ಹಿಂಡಿಗೆ ಹಿಂಡೇ ಗುಡ್ಡ ಹತ್ತಿ ಮಾಯವಾಯಿತು.

ಹೊಲ ಖಾಲಿಯಾಯಿತು. ಹಾಲಯ್ಯ ಬಂಡೆಗೆ ಒರಗಿ ಕೂತ. ಅಜ್ಜಾರು ಕಟ್ಟೆ ಬಿಟ್ಟು ಇಳಿಯಲಿಲ್ಲ.

ಮರುದಿನ ಜಿಂಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಾಲಯ್ಯನಿಗೆ ಅನ್ನ ಸೇರಲಿಲ್ಲ. ಹಳ್ಳದ ಆಚೆ ಸಣ್ಣ ಸದ್ದಾದರೂ ಬೆಚ್ಚುತ್ತಿದ್ದ.

ಹೊನ್ನವ್ವ ನೀರಿಗೆ ಬಂದವಳು ಹಳ್ಳದಿಂದಲೇ ಕೂಗಿದಳು. "ಹಾಲಯ್ಯಾರೆ! ದುರುಗಪ್ಪ ಅಂಗಳದಾಗೆ ಉಪ್ಪು ಹಿಡ್ಕೊಂಡು ಕೂತೇ ಕೂತ. ಉಪ್ಪೆಲ್ಲ ಅಂಗೈ ಬೆವರಿಗೆ ಕರಗಿ ಹೋಯ್ತು. ಅವಳು ದೂರದಿಂದ ಅವನ ಕೈ ಕಂಡಿದ್ದೇ ಬಾಣ ಬಿಟ್ಟಂಗೆ ಓಡಿದ್ಲು. ನಾನು ಕರೆದ್ರೂ ತಿರುಗಿ ನೋಡಲಿಲ್ಲ ನೋಡ್ರಿ, ಎಷ್ಟು ಸೊಕ್ಕು!"

ಅವಳು ನಗುತ್ತ ಕೊಡ ಎತ್ತಿಕೊಂಡು ಹೋದಳು. ಹಾಲಯ್ಯ ಅಂದು ಎರಡು ತುತ್ತು ಹೆಚ್ಚಾಗಿ ಉಂಡ.

ದಿನಗಳು ಕಳೆದವು. ನೆಲ್ಲಿ ಮರ ಕಾಯಿಯ ಭಾರಕ್ಕೆ ಬಾಗಿತು.

ಒಂದು ಬೆಳಗಿನ ಜಾವ ಮಂಜು ಇನ್ನೂ ಕರಗಿರಲಿಲ್ಲ. ಅಜ್ಜಾರು ಕಟ್ಟೆಯ ಮೇಲೆ ಕೂತಿದ್ದರು. ಹಾಲಯ್ಯ ಅವರ ಹಿಂದೆ, ಕಂಬದ ಮರೆಗೆ ನಿಂತಿದ್ದ. ನೆಲ್ಲಿಯ ಮೇಲೆ ಮುಸುವಗಳು ಬಂದು ಕೂತಿದ್ದವು. ಕಾಯಿ ಪಟಪಟ ಉದುರುತ್ತಿತ್ತು.

ಮಂಜಿನೊಳಗಿಂದ ಹಿಂಡು ಬಂತು. ಒಂದೊಂದೇ ಬಂತು. ಕೊನೆಯಲ್ಲಿ ಹರಿದ ಕಿವಿಯದು, ಅದರ ಪಕ್ಕಕ್ಕೆ ಅಂಟಿಕೊಂಡು ಮರಿ.

ಹಾಲಯ್ಯನ ಬಾಯಿಗೆ ಹೆಸರು ಬಂತು. ನುಂಗಿಕೊಂಡ.

ಅದು ನೆಲ್ಲಿಕಾಯಿ ತಿಂದಿತು. ತಲೆ ಎತ್ತಿ ನೋಡಿತು, ಮತ್ತೆ ತಿಂದಿತು. ಪಟ್ಟಿಗಿಳಿದು ಹುರುಳಿಯ ಚಿಗುರು ಮೇಯಿತು. ಮರಿ ಹೊಟ್ಟೆಯಡಿ ತೂರಿ ಹಾಲು ಕುಡಿಯಿತು.

ಗಾಳಿ ತಿರುಗಿತು. ಅದರ ಮೂಗಿಗೆ ಮನುಷ್ಯನ ವಾಸನೆ ಹತ್ತಿತು. ನೆಲಕ್ಕೆ ಒಂದು ಕಾಲು ಬಡಿದು, ಮರಿಯನ್ನು ಮುಂದೆ ಬಿಟ್ಟುಕೊಂಡು ಪೊದೆಗೆ ನೆಗೆಯಿತು.

ಹಾಲಯ್ಯ ಕಂಬದ ಮರೆಯಿಂದ ಹೊರಗೆ ಬಂದ. ಆಮೇಲೆ ಮೆಲ್ಲಗೆ ಹೇಳಿದ.

"ಉಂಡು ಹೋಯ್ತು ಅಜ್ಜಾರೆ. ಬಡಿಸಿದವನ ಮುಖ ಕೂಡ ನೋಡಲಿಲ್ಲ."

ಅಜ್ಜಾರು ತಿರುಗಿ ಅವನನ್ನು ನೋಡಿದರು.

"ದಿನಾ ನಿನಗೆ ಬಡಿಸುವವನ ಮುಖ ನೀನು ನೋಡಿದ್ದೀಯೇನು, ಹಾಲಯ್ಯ?"

ಈ ಕಥೆಗೆ ಕಿವಿಗೊಟ್ಟ ನಿಮಗೂ, ನಿಮ್ಮ ಮನೆಯವರಿಗೂ, ನಿಮ್ಮ ಹೊಲದಾಚೆ ಹಸಿದು ನಿಂತ ಎಲ್ಲ ಜೀವಗಳಿಗೂ ಶುಭವಾಗಲಿ. ಹೊತ್ತಿಗೆ ಮಳೆಯಾಗಲಿ, ಹಸಿವಿಗೆ ಅನ್ನವಾಗಲಿ.